ಹಂಗಿನ ಹುಡುಗನ ಮೊದಲ ಕಾದಂಬರಿ

ಬಡವರ ಮನೆಯಿಂದ ಬಂದವನೊಬ್ಬ ಕಾದಂಬರಿ ಬರೆದರೆ ವಿಮರ್ಶಕರ ಕೆಲಸ ಬಹಳ ಸುಲಭವಾಗಿಬಿಡುತ್ತೆ. ಎಡಗಡೆ ಅವನ ಬಾಲ್ಯ, ಬಲಗಡೆ ಅವನ ಕಾದಂಬರಿ. ನಡುವೆ ಗೆರೆ ಎಳೆದರಾಯ್ತು. ಇಲ್ಲಿ ಅಮ್ಮ, ಅಲ್ಲೂ ಅಮ್ಮ. ಇಲ್ಲಿ ಹೊಡೆಯುವ ಮೇಷ್ಟ್ರು, ಅಲ್ಲೂ ಹೊಡೆಯುವ ಮೇಷ್ಟ್ರು. ಸ್ಕೂಲಿನ ಪ್ರಶ್ನೆಪತ್ರಿಕೆಯಲ್ಲಿ 'ಹೊಂದಿಸಿ ಬರೆಯಿರಿ' ಅಂತ ಇರ್ತಿತ್ತಲ್ಲ, ಹಾಗೆ. ಎಲ್ಲ ಹೊಂದಿಸಿದ ಮೇಲೆ ಕೊನೆಯಲ್ಲೊಂದು ನಿಟ್ಟುಸಿರು: 'ಪಾಪ, ಎಷ್ಟು ಕಷ್ಟಪಟ್ಟಿದ್ದಾನೆ!' ಅಲ್ಲಿಗೆ ವಿಮರ್ಶೆ ಮುಗಿಯಿತು.

ಅದೇ ಉಳ್ಳವರ ಮನೆಯ ಮಗ ಬರೆದರೆ? ಆಗ ತಂತ್ರ, ಶೈಲಿ, ಜೀವನದರ್ಶನ ಎಲ್ಲ ಬರುತ್ತೆ. ಅವನ ಅಪ್ಪನ ಆಸ್ತಿಯನ್ನೂ ಅವನ ನಾಯಕನ ಆಸ್ತಿಯನ್ನೂ ಯಾರೂ ಹೊಂದಿಸಿ ಬರೆಯೋದಿಲ್ಲ. ಕಲ್ಪನೆ ಅನ್ನೋದು ಅವನ ಹಕ್ಕು. ಬಡವನಿಗೆ ಇರೋದು ಬರೀ ಅನುಭವ!

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ಮೊದಲ ಕಾದಂಬರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಾಗ ಬಂದದ್ದು. ಹೌದು, ಅದೇ ಆಂಡರ್ಸನ್. ಕೊಳಕು ಬಾತುಕೋಳಿ ಮರಿ, ಬೆಂಕಿಕಡ್ಡಿ ಮಾರುವ ಹುಡುಗಿ, ಬಟ್ಟೆಯಿಲ್ಲದ ಚಕ್ರವರ್ತಿ. ನಮ್ಮಲ್ಲಿ ಅವನು ಮಕ್ಕಳ ಕತೆಯ ಅಜ್ಜ, ಅಷ್ಟೇ. ಆದರೆ ಅವನು ಆರು ಕಾದಂಬರಿ ಬರೆದಿದ್ದಾನೆ. ಮೊದಲನೆಯದು 'ಇಂಪ್ರೊವಿಸಟೋರೆನ್', ಬಂದದ್ದು 1835ರ ಏಪ್ರಿಲ್‌ನಲ್ಲಿ. ಅವನ ಮೊದಲ ಕತೆಗಳ ಪುಟ್ಟ ಪುಸ್ತಕ ಬಂದದ್ದು ಅದರ ಮರುತಿಂಗಳು. ಯುರೋಪಿನಲ್ಲಿ ಅವನಿಗೆ ಮೊದಲು ಹೆಸರು ತಂದುಕೊಟ್ಟದ್ದು ಕತೆಗಳಲ್ಲ, ಈ ಕಾದಂಬರಿ. ಅದೇ ವರ್ಷ ಜರ್ಮನ್‌ಗೆ ಹೋಯಿತು, 1845ರಲ್ಲಿ ಮೇರಿ ಹೋವಿಟ್ ಇಂಗ್ಲಿಷಿಗೆ ತಂದಳು. ಅವಳ ಅನುವಾದ ಇವತ್ತೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಹುಡುಕಿ ಓದಿ.

'ಇಂಪ್ರೊವಿಸಟೋರೆ' ಅಂದರೆ ಇಟಲಿಯ ಆಶುಕವಿ. ಸಭೆಯಲ್ಲಿ ಕೂತವರು ಒಂದು ವಿಷಯ ಕೊಡ್ತಾರೆ, ಇವನು ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ಹಾಡಬೇಕು. ಅವಧಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಆಶುಕವಿ ಹಾಡೋದು ತನಗೆ ಬೇಕಾದ್ದನ್ನಲ್ಲ, ಎದುರಿಗೆ ಕೂತವರು ಕೇಳಿದ್ದನ್ನ. ಮುಂದೆ ಇದು ಬೇಕಾಗುತ್ತೆ.

ಮೊದಲು ಬಾಲ್ಯದ ವಿಷಯ. ಅದನ್ನು ನಾನೇನೂ ಅಲ್ಲಗಳೆಯುತ್ತಿಲ್ಲ.

ಆಂಡರ್ಸನ್ ಹುಟ್ಟಿದ್ದು 1805ರ ಏಪ್ರಿಲ್ 2ರಂದು, ಡೆನ್ಮಾರ್ಕಿನ ಓಡೆನ್ಸ ಊರಿನಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು. ಓದಿನ ಹುಚ್ಚಿನವನು. ಮಗನಿಗೆ ಅರೇಬಿಯನ್ ನೈಟ್ಸ್ ಓದಿ ಹೇಳಿದ, ಬೊಂಬೆಯಾಟದ ಪುಟ್ಟ ರಂಗಮಂದಿರ ಮಾಡಿಕೊಟ್ಟ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಇನ್ನೊಬ್ಬನ ಬದಲಿಗೆ ದುಡ್ಡು ತಗೊಂಡು ಸೈನ್ಯಕ್ಕೆ ಸೇರಿದ. ಆರೋಗ್ಯ ಕೆಡಿಸಿಕೊಂಡು ವಾಪಸ್ ಬಂದ. 1816ರಲ್ಲಿ ತೀರಿಕೊಂಡ. ಹುಡುಗನಿಗೆ ಆಗ ಹನ್ನೊಂದು. ಅಮ್ಮ ಆನ್ ಮೇರಿ ಕಂಡವರ ಬಟ್ಟೆ ಒಗೆಯುವವಳು. ಅವಳೇ ಚಿಕ್ಕವಳಿದ್ದಾಗ ಅವಳನ್ನು ಭಿಕ್ಷೆಗೆ ಕಳಿಸಿದ್ದರಂತೆ. ಕೈಚಾಚಲು ಆಗದೆ ಸೇತುವೆಯ ಕೆಳಗೆ ಅಳುತ್ತಾ ಕೂತಿದ್ದಳಂತೆ. ತಣ್ಣೀರಿನಲ್ಲಿ ನಿಂತು ಬಟ್ಟೆ ಒಗೆದೂ ಒಗೆದೂ ಕುಡಿತಕ್ಕೆ ಬಿದ್ದಳು. ಅಜ್ಜನಿಗೆ ತಲೆ ಕೆಟ್ಟಿತ್ತು, ಬೀದಿ ಹುಡುಗರು ಅಜ್ಜನ ಹಿಂದೆ ಕೂಗಿಕೊಂಡು ಹೋಗುವಾಗ ಮೊಮ್ಮಗ ಬಚ್ಚಿಟ್ಟುಕೊಳ್ಳುತ್ತಿದ್ದ. ಬಟ್ಟೆ ಗಿರಣಿಗೆ ಕೆಲಸಕ್ಕೆ ಕಳಿಸಿದರೆ, ಹುಡುಗನ ದನಿ ತೆಳುವಾಗಿದೆ, ಇದು ಗಂಡೋ ಹೆಣ್ಣೋ ಅಂತ ಅಲ್ಲಿನ ಆಳುಗಳು ಅವನನ್ನು ಹಿಡಿದು ನೋಡಲು ಬಂದರು. ಹದಿನಾಲ್ಕನೇ ವಯಸ್ಸಿಗೆ, 1819ರ ಸೆಪ್ಟೆಂಬರ್‌ನಲ್ಲಿ, ಒಬ್ಬನೇ ಕೋಪನ್‌ಹೇಗನ್‌ಗೆ ಹೊರಟುಬಿಟ್ಟ.

ಅಲ್ಲಿ ಮೂರು ವರ್ಷ ಹಾಡು, ಕುಣಿತ, ನಾಟಕ ಅಂತ ಕಂಡಕಂಡ ಬಾಗಿಲು ಬಡಿದ. 1822ರಲ್ಲಿ ಯೋನಾಸ್ ಕೊಲಿನ್ ಎಂಬ ದೊಡ್ಡ ಅಧಿಕಾರಿಯ ಕಣ್ಣಿಗೆ ಬಿದ್ದ. ಕೊಲಿನ್ ರಾಜನಿಂದ ದುಡ್ಡು ಕೊಡಿಸಿ ಸ್ಲಾಗೆಲ್ಸ ಎಂಬ ಊರಿನ ಶಾಲೆಗೆ ಕಳಿಸಿದ. ಹದಿನೇಳರ ಉದ್ದನೆಯ ಹುಡುಗ ಸಣ್ಣಸಣ್ಣ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತ. ಮುಖ್ಯೋಪಾಧ್ಯಾಯ ಸಿಮೋನ್ ಮೈಸ್ಲಿಂಗ್ ದಿನಾ ಇವನನ್ನು ದಡ್ಡ ಎಂದು ಹಂಗಿಸಿದ, ಪದ್ಯ ಬರೆಯಕೂಡದು ಅಂದ. ಐದು ವರ್ಷ ಇದೇ ಪಾಡು.

ಇಷ್ಟು ಸಾಕಲ್ವಾ? ಇನ್ನು ಹೊಂದಿಸಿ ಬರೆಯಿರಿ. ಕಾದಂಬರಿಯ ನಾಯಕ ಆಂಟೋನಿಯೋ ರೋಮ್‌ನ ಬಡ ಹುಡುಗ. ಅಪ್ಪ ಇಲ್ಲ. ಹಾಡುತ್ತಾನೆ, ಚರ್ಚಿನಲ್ಲಿ ಪುಟ್ಟ ಪ್ರವಚನ ಮಾಡಿ ಎಲ್ಲರ ಮೆಚ್ಚುಗೆ ಗಳಿಸುತ್ತಾನೆ. ಶ್ರೀಮಂತರು ಸಾಕುತ್ತಾರೆ, ಓದಿಸುತ್ತಾರೆ. ಶಾಲೆಯಲ್ಲಿ ಹಬ್ಬಾಸ್ ದಾಹ್ದಾ ಅನ್ನುವ ವಿಚಿತ್ರ ಗುರು, ಅವನಿಗೆ ಡಾಂಟೆ ಕವಿ ಕಂಡರಾಗದು. ಆಂಟೋನಿಯೋ ಕದ್ದು ಡಾಂಟೆ ಓದುತ್ತಾನೆ. ಕೊನೆಗೆ ಆಶುಕವಿಯಾಗಿ ಗೆಲ್ಲುತ್ತಾನೆ. ಆಂಟೋನಿಯೋ ಅಂದರೆ ಆಂಡರ್ಸನ್, ಬೊರ್ಗೀಸ್ ಮನೆತನ ಅಂದರೆ ಕೊಲಿನ್ ಮನೆತನ, ಹಬ್ಬಾಸ್ ಅಂದರೆ ಮೈಸ್ಲಿಂಗ್. ಪೂರ್ತಿ ಅಂಕ!

ಇದು ಸುಳ್ಳಲ್ಲ. ಆಂಡರ್ಸನ್ ತನ್ನ ಬದುಕನ್ನೇ ಹಿಡಿದು ಬರೆದ ಅನ್ನೋದು ಯಾರಿಗಾದರೂ ಕಾಣುತ್ತೆ. (ಹಬ್ಬಾಸ್‌ನಲ್ಲಿ ಮೈಸ್ಲಿಂಗ್ ಬದಲು ಮೋಲ್ಬೆಕ್ ಎಂಬ ವಿಮರ್ಶಕನನ್ನು ಕಂಡವರೂ ಇದ್ದಾರೆ ಅನ್ನೋದು ಬೇರೆ ಮಾತು. ಈ ಹೊಂದಿಸುವ ಆಟ ಅಷ್ಟೇನೂ ಗಟ್ಟಿಯಲ್ಲ.) ನನ್ನ ತಕರಾರು ಇದು: ಹೊಂದುವುದನ್ನು ಎಣಿಸೋದರಲ್ಲಿ ಮುಳುಗಿದವರು ಹೊಂದದೇ ಇರುವುದನ್ನು ನೋಡೋದೇ ಇಲ್ಲ. ಕಾದಂಬರಿಕಾರ ಕೆಲಸ ಮಾಡಿರೋದು ಅಲ್ಲಿ, ಅವನು ಬದಲಾಯಿಸಿದ ಜಾಗದಲ್ಲಿ.

ಅಮ್ಮನ ಸಾವನ್ನೇ ತಗೊಳ್ಳಿ.

ಆನ್ ಮೇರಿ ತೀರಿಕೊಂಡದ್ದು 1833ರ ಅಕ್ಟೋಬರ್‌ನಲ್ಲಿ, ಓಡೆನ್ಸದಲ್ಲಿ, ಬಡವರ ಆಸರೆಯ ಮನೆಯಲ್ಲಿ. ಕುಡಿತ, ಕಾಯಿಲೆ, ಒಂಟಿತನ. ಮಗ ಆಗ ರಾಜನ ಪ್ರವಾಸ ವೇತನದಲ್ಲಿ ರೋಮ್‌ನಲ್ಲಿದ್ದ. ಡಿಸೆಂಬರ್‌ನಲ್ಲಿ ಕೊಲಿನ್ ಬರೆದ ಕಾಗದದಿಂದ ಸುದ್ದಿ ತಿಳಿಯಿತು. ಅದೇ ತಿಂಗಳ ಕೊನೆಯಲ್ಲಿ, ಅದೇ ರೋಮ್‌ನಲ್ಲಿ ಅವನು ಈ ಕಾದಂಬರಿ ಶುರುಮಾಡಿದ. ಅದರ ಮೊದಲ ಭಾಗದಲ್ಲೇ ಅಮ್ಮ ಸಾಯುತ್ತಾಳೆ. ಹೇಗೆ? ಕುಡಿದು ಅಲ್ಲ. ಜೆಂಜಾನೋ ಊರಿನ ಹೂವಿನ ಹಬ್ಬದ ದಿನ, ಬೀದಿ ತುಂಬ ಹೂವು ಹಾಸಿರುವಾಗ, ಒಬ್ಬ ದೊರೆಯ ಸಾರೋಟಿನ ಕುದುರೆಗಳು ಬೆದರಿ ಜನರ ಮೇಲೆ ನುಗ್ಗುತ್ತವೆ. ಅಮ್ಮ ಚಕ್ರಕ್ಕೆ ಸಿಕ್ಕಿ ಸಾಯುತ್ತಾಳೆ. ದೊರೆ ಹುಡುಗನಿಗೆ ಅಂತ ಒಂದು ಹಣದ ಚೀಲ ಕಳಿಸುತ್ತಾನೆ.

ಹೊಂದಿಸಿ ಬರೆಯುವವರು ಇಲ್ಲಿ ಏನಂತಾರೆ? ಅಮ್ಮನ ನಾಚಿಕೆಗೇಡಿನ ಸಾವನ್ನು ಮಗ ಹೂವಿನಿಂದ ಮುಚ್ಚಿದ, ಪಾಪ. ಸರಿ, ಮುಂದೆ ಓದಿ. ಆಂಟೋನಿಯೋ ಊರಾಚೆಯ ಬಯಲಿನ ಗುಡಿಸಲಲ್ಲಿ ಬೆಳೆಯುತ್ತಿರುವಾಗ, ರೊಚ್ಚಿಗೆದ್ದ ಕೋಣವೊಂದು ಅಟ್ಟಿಸಿಕೊಂಡು ಬಂದ ದೊಡ್ಡ ಮನುಷ್ಯನೊಬ್ಬ ಆ ಗುಡಿಸಲಿಗೆ ಓಡಿಬಂದು ಜೀವ ಉಳಿಸಿಕೊಳ್ಳುತ್ತಾನೆ. ಅವನೇ ಮುಂದೆ ಹುಡುಗನ ಪೋಷಕ. ಆಮೇಲೆ ಗೊತ್ತಾಗುತ್ತೆ, ಅಮ್ಮನನ್ನು ಕೊಂದ ಸಾರೋಟು ಇವನದೇ!

ಒಂದು ನಿಮಿಷ ನಿಂತು ಯೋಚಿಸಿ. ಕೊಲಿನ್ ಯಾರನ್ನೂ ಕೊಂದವನಲ್ಲ. ಆಂಡರ್ಸನ್‌ನ ಬದುಕಿನಲ್ಲಿ ಇಂಥದ್ದು ಏನೂ ನಡೆದಿಲ್ಲ. ಇದು ಪೂರ್ತಿ ಕಟ್ಟಿದ್ದು. ಯಾಕೆ ಕಟ್ಟಿದ? ಬಡವರ ತಾಯಂದಿರು ಸಾಯೋದು ಅವರ ಕೆಟ್ಟ ಚಟದಿಂದ ಅಂತ ಊರು ಹೇಳುತ್ತೆ. ಅವರು ಸಾಯೋದು ಇನ್ನೊಬ್ಬರ ಸಾರೋಟಿನ ಕೆಳಗೆ ಅಂತ ಈ ಕಾದಂಬರಿ ಹೇಳುತ್ತೆ. ಆಮೇಲೆ ಅದೇ ಸಾರೋಟಿನವನು ಮಗನನ್ನು ಓದಿಸ್ತಾನೆ, ಮಗ ಕೈಮುಗಿಯಬೇಕು. ಇದನ್ನು ನೇರವಾಗಿ ಬರೆದಿದ್ದರೆ ಆಂಡರ್ಸನ್‌ಗೆ ಮಾರನೇ ದಿನ ಊಟ ಹುಟ್ಟುತ್ತಿರಲಿಲ್ಲ. ಅದಕ್ಕೇ ಹೂವು ಹಾಸಿದ್ದಾನೆ. ಹೂವಿನ ಕೆಳಗೆ ಇರೋದು ನಾಚಿಕೆ ಅಲ್ಲ ಸ್ವಾಮಿ, ಆರೋಪ.

ಇನ್ನು ಪೆಪ್ಪೋ ಮಾವ. ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂರುವ, ಕಾಲು ಬತ್ತಿಹೋದ ಭಿಕ್ಷುಕ, ಕೈಯೂರಿ ತೆವಳುವವನು. ಅಮ್ಮ ಸತ್ತ ಮೇಲೆ ಹುಡುಗ ಅವನ ಪಾಲಿಗೆ ಬೀಳುತ್ತಾನೆ. ಪೆಪ್ಪೋ ತನ್ನ ಜೊತೆಗಾರನ ಹತ್ತಿರ ಮಾತಾಡೋದು ಹುಡುಗನ ಕಿವಿಗೆ ಬೀಳುತ್ತೆ. ಹುಡುಗನ ಮೈಕೈ ನೆಟ್ಟಗಿದೆಯಲ್ಲ, ಹೊಟ್ಟೆಪಾಡಿಗೆ ಒಂದು ಊನವೂ ಇಲ್ಲವಲ್ಲ ಅನ್ನುವ ಧಾಟಿಯ ಮಾತು ಅದು. ಹುಡುಗ ಹೆದರಿ ರಾತ್ರೋರಾತ್ರಿ ಓಡಿಹೋಗುತ್ತಾನೆ.

ಪೆಪ್ಪೋಗೆ ಹೊಂದುವ ಒಬ್ಬ ಮನುಷ್ಯ ಓಡೆನ್ಸದಲ್ಲಿ ಸಿಗೋದಿಲ್ಲ. ಆದರೆ ಪೆಪ್ಪೋ ಕಲಿಸಿದ ಪಾಠ ಆಂಡರ್ಸನ್‌ಗೆ ಚೆನ್ನಾಗಿ ಗೊತ್ತಿತ್ತು. ದಾನ ಕೊಡೋರಿಗೆ ಗಾಯ ಕಾಣಬೇಕು. ಗಾಯ ಇಲ್ಲದವನಿಗೆ ಚಿಲ್ಲರೆ ಬೀಳೋದಿಲ್ಲ. ಕೋಪನ್‌ಹೇಗನ್‌ನ ದೊಡ್ಡ ಮನೆಗಳಲ್ಲಿ ಅವನು ಹಾಡಿದ್ದು, ಪದ್ಯ ಓದಿದ್ದು, ಅದರ ಜೊತೆಗೆ ತನ್ನ ಕಷ್ಟ ಹೇಳಿಕೊಂಡದ್ದು ಎಲ್ಲ ಇದೇ ಮೆಟ್ಟಿಲಿನ ಮೇಲೆ. ಇವತ್ತು ನಾವು ಬಡವರ ಮನೆಯ ಲೇಖಕರನ್ನು 'ನಿಮ್ಮ ಬಾಲ್ಯದ ಬಗ್ಗೆ ಹೇಳಿ' ಅಂತ ಕೇಳುತ್ತೀವಲ್ಲ, ನಾವೂ ಪೆಪ್ಪೋನ ಪಕ್ಕದಲ್ಲೇ ಕೂತಿದ್ದೇವೆ. ಕೈಕಾಲು ನೆಟ್ಟಗಿದೆ ಅಂದರೆ ನಮಗೆ ಬೇಜಾರು.

ಇನ್ನು ಪೋಷಕರ ಮನೆ. ನನ್ನ ಪ್ರಕಾರ ಕಾದಂಬರಿಯ ಜೀವ ಇರೋದು ಇಲ್ಲಿ.

ನಮ್ಮ ಹಿರಿಯರಿಗೆ ವಾರಾನ್ನ ಅಂದರೆ ಗೊತ್ತು. ಓದಲು ಪೇಟೆಗೆ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಓದು ಮುಗಿಸೋದು. ಆಂಡರ್ಸನ್ ಉಂಡದ್ದೂ ಹಾಗೆಯೇ. ಮೈಸ್ಲಿಂಗ್ ಕೈಯಿಂದ ಬಿಡಿಸಿಕೊಂಡು 1827ರಲ್ಲಿ ಕೋಪನ್‌ಹೇಗನ್‌ಗೆ ಬಂದು ಪರೀಕ್ಷೆಗೆ ಓದುವಾಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ವಿಜ್ಞಾನಿ ಓರ್‌ಸ್ಟೆಡ್ ಮನೆಯೂ ಅದರಲ್ಲಿ ಒಂದು, ಕೊಲಿನ್ ಮನೆಯಂತೂ ಇದ್ದೇ ಇತ್ತು. ಅನ್ನ ಹಾಕಿದವರು ಕೆಟ್ಟವರಲ್ಲ, ಒಳ್ಳೆಯವರೇ. ಕಷ್ಟ ಇರೋದೇ ಅಲ್ಲಿ. ಕೆಟ್ಟವನನ್ನು ಬೈದು ಎದ್ದು ಹೋಗಬಹುದು. ಒಳ್ಳೆಯವನ ಹಂಗಿನಿಂದ ಎದ್ದು ಹೋಗುವುದು ಹೇಗೆ? ಹಂಗು ಅನ್ನೋ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಭಾರದ್ದು ಅಂತ ನಿಮಗೆ ಗೊತ್ತು. ಉಪಕಾರ ಅಂದರೆ ಕೊಟ್ಟವನ ಲೆಕ್ಕ. ಹಂಗು ಅಂದರೆ ತಗೊಂಡವನ ಎದೆಯ ಮೇಲಿನ ಕಲ್ಲು.

ಯೋನಾಸ್ ಕೊಲಿನ್‌ನ ಮಗ ಎಡ್ವರ್ಡ್. ಆಂಡರ್ಸನ್‌ಗಿಂತ ಮೂರು ವರ್ಷ ಚಿಕ್ಕವನು. ಆಂಡರ್ಸನ್ ಅವನನ್ನು ತಮ್ಮನೆಂದೇ ತಿಳಿದಿದ್ದ, ಪ್ರಾಣದ ಗೆಳೆಯನೆಂದು ಹಚ್ಚಿಕೊಂಡಿದ್ದ. ಡೇನಿಷ್‌ನಲ್ಲಿ ನಮ್ಮ 'ನೀನು', 'ನೀವು' ಇದ್ದ ಹಾಗೆ 'ದು', 'ದಿ' ಅಂತ ಎರಡು ಇವೆ. ನಾವಿಬ್ಬರೂ ಇನ್ನು ಮೇಲೆ 'ನೀನು' ಅನ್ನೋಣವೇ ಅಂತ 1831ರಲ್ಲಿ ಆಂಡರ್ಸನ್ ಕಾಗದ ಬರೆದು ಕೇಳಿದ. ಎಡ್ವರ್ಡ್ ನಯವಾಗಿ, ಉದ್ದವಾಗಿ, ಕಾರಣ ಕೊಟ್ಟು, ಆಗೋದಿಲ್ಲ ಅಂದ. ಜೀವನಪೂರ್ತಿ 'ನೀವು'. ಕನ್ನಡದವರಿಗೆ ಇದರ ನೋವು ಅನುವಾದ ಮಾಡಬೇಕಿಲ್ಲ. ಗೌರವ ಕೊಟ್ಟೇ ದೂರ ಇಡೋದು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತು. ಸತ್ತ ಮೇಲೆ ಎಡ್ವರ್ಡ್ ದಂಪತಿಗಳನ್ನು ಆಂಡರ್ಸನ್‌ನ ಸಮಾಧಿಯಲ್ಲೇ ಜೊತೆಗೆ ಹೂಳಿದರು. ಮುಂದೆ ಮನೆಯವರು ಆ ಇಬ್ಬರನ್ನು ತಮ್ಮ ಕುಟುಂಬದ ಜಾಗಕ್ಕೆ ಒಯ್ದರು. ಆಂಡರ್ಸನ್ ಅಲ್ಲೇ ಒಬ್ಬನೇ ಉಳಿದ.

ಈಗ ಕಾದಂಬರಿಯ ಎರಡನೇ ಭಾಗಕ್ಕೆ ಬನ್ನಿ. ಆಂಟೋನಿಯೋ ನೇಪಲ್ಸ್‌ನಲ್ಲಿ ಆಶುಕವಿಯಾಗಿ ಗೆದ್ದ ಮೇಲೂ ಪೋಷಕರ ಜೊತೆ ರೋಮ್‌ಗೆ ವಾಪಸ್ ಬರುತ್ತಾನೆ. ಆಮೇಲೆ ಆರು ವರ್ಷ ಅವನಿಗೆ 'ಶಿಕ್ಷಣ'. ಬಂದವರು ಹೋದವರೆಲ್ಲ ಗುರುಗಳೇ. ಮಾತು ಸರಿಯಿಲ್ಲ, ನಡೆ ಸರಿಯಿಲ್ಲ, ಓದು ಮೇಲುಮೇಲಿನದು, ಅಹಂಕಾರ ಜಾಸ್ತಿ, ಧೈರ್ಯ ಕಡಿಮೆ. ಎಲ್ಲರೂ ತಿದ್ದುತ್ತಾರೆ. ಎಲ್ಲರೂ ಅವನ ಒಳ್ಳೆಯದಕ್ಕೇ. ಯಾರ ಮೇಲೂ ಸಿಟ್ಟಾಗುವ ಹಕ್ಕು ಅವನಿಗಿಲ್ಲ. ಇಡೀ ಕಾದಂಬರಿಯಲ್ಲಿ ಡಕಾಯಿತರು, ದ್ವಂದ್ವಯುದ್ಧ, ವೆಸೂವಿಯಸ್ ಜ್ವಾಲಾಮುಖಿ ಎಲ್ಲ ಬರುತ್ತೆ. ಅವು ಯಾವುದೂ ಈ ಆರು ವರ್ಷದಷ್ಟು ಭಯಂಕರ ಅಲ್ಲ. ಡಕಾಯಿತರ ಗುಹೆಯಲ್ಲಿ ಹಾಡಿ ಜೀವ ಉಳಿಸಿಕೊಂಡವನು, ಸಭ್ಯರ ಹಜಾರದಲ್ಲಿ ಬಾಯಿ ಕಟ್ಟಿ ಕೂರುತ್ತಾನೆ.

ಈ ಪುಸ್ತಕವನ್ನು ಆಂಡರ್ಸನ್ ಅರ್ಪಿಸಿದ್ದು ಯಾರಿಗೆ ಗೊತ್ತಾ? ಕೊಲಿನ್ ಮನೆತನಕ್ಕೆ. ಅವರಲ್ಲಿ ತಂದೆತಾಯಿಯರನ್ನೂ ಒಡಹುಟ್ಟಿದವರನ್ನೂ ಕಂಡೆ ಅನ್ನುವ ಅರ್ಥದ ಅರ್ಪಣೆ. ಕೆಲವರು ಇದನ್ನು ಕೃತಜ್ಞತೆ ಅಂತ ಓದ್ತಾರೆ, ಕೆಲವರು ಬೂಟಾಟಿಕೆ ಅಂತ. ಎರಡೂ ಅಲ್ಲ. ಅರ್ಪಣೆಯೂ ನಿಜ, ಆ ಆರು ವರ್ಷದ ಅಧ್ಯಾಯವೂ ನಿಜ. ಮೊದಲ ಪುಟದಲ್ಲಿ ಕೈಮುಗಿದು, ಒಳಗಿನ ಪುಟಗಳಲ್ಲಿ ಲೆಕ್ಕ ಒಪ್ಪಿಸಿದ್ದಾನೆ. ಆಶುಕವಿ ಮೊದಲ ಸಲ ಸಭೆಯವರು ಕೊಡದ ವಿಷಯದ ಮೇಲೆ ಹಾಡಿದ್ದಾನೆ.

ಹೊಂದಿಸಿ ಬರೆಯುವವರ ಗುರು ಯಾರು ಅಂತ ಹುಡುಕಿದರೆ ದೊಡ್ಡ ಹೆಸರೇ ಸಿಗುತ್ತೆ. ಸೋರೆನ್ ಕಿರ್ಕೆಗಾರ್ಡ್! ಈ ತತ್ತ್ವಜ್ಞಾನಿಯ ಮೊಟ್ಟಮೊದಲ ಪುಸ್ತಕ, 1838ರದ್ದು, ಕಾದಂಬರಿಕಾರ ಆಂಡರ್ಸನ್ ಮೇಲಿನ ದಾಳಿ. ಗುರಿ ಮುಖ್ಯವಾಗಿ ಮೂರನೇ ಕಾದಂಬರಿ, 1837ರ 'ಬರೀ ಒಬ್ಬ ಪಿಟೀಲಿನವ'. ಆಂಡರ್ಸನ್‌ಗೆ ಜೀವನದೃಷ್ಟಿಯೇ ಇಲ್ಲ, ಅವನ ಕಾದಂಬರಿಗಳು ಸೃಷ್ಟಿಯಲ್ಲ, ತನ್ನ ಮೈಯಿಂದಲೇ ಕತ್ತರಿಸಿ ಕೊಟ್ಟ ತುಂಡುಗಳು ಅನ್ನೋದು ಅವನ ವಾದ. ಇನ್ನೊಂದು ವಾದ: ಪ್ರತಿಭೆ ಅನ್ನೋದು ಗಾಳಿ ಬಂದರೆ ಆರಿಹೋಗುವ ದೀಪವಲ್ಲ, ಅದಕ್ಕೆ ಆಸರೆ ಬೇಕು ಅನ್ನೋದು ಗೋಳಾಟ.

ಮಾತು ಚೆನ್ನಾಗಿದೆ. ಯಾರು ಹೇಳಿದ್ದು ಅಂತಲೂ ನೋಡೋಣ. ಕಿರ್ಕೆಗಾರ್ಡ್‌ನ ಅಪ್ಪ ಕುರಿ ಕಾಯ್ದು ಮೇಲೆ ಬಂದ ಶ್ರೀಮಂತ ವ್ಯಾಪಾರಿ. ಮಗ ಜೀವನವೆಲ್ಲ ಆ ಆಸ್ತಿಯಲ್ಲೇ ಕೂತು ಬರೆದ. ಅದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಮನೆಯ ಕಿಟಕಿಬಾಗಿಲು ಭದ್ರವಾಗಿರುವವನು ಗಾಳಿಗೆ ದೀಪ ಆರೋದಿಲ್ಲ ಅಂತ ಉಪದೇಶ ಮಾಡೋದು ಸುಲಭ. ಆನ್ ಮೇರಿಯಂಥವರ ಮನೆಗಳಲ್ಲಿ ಎಷ್ಟು ದೀಪ ಆರಿದವೋ ಲೆಕ್ಕ ಇಟ್ಟವರಿಲ್ಲ. ಆರಿಹೋದವರು ಕಾದಂಬರಿ ಬರೆಯೋದಿಲ್ಲವಲ್ಲ.

ಆಂಡರ್ಸನ್‌ನನ್ನೂ ನಾನು ಪೂರ್ತಿ ಬಿಡೋದಿಲ್ಲ. ಈ ರೋಗಕ್ಕೆ ಮದ್ದಿನ ಬದಲು ತುಪ್ಪ ಸುರಿದವನು ಅವನೇ. 1847ರಲ್ಲಿ ಜರ್ಮನ್‌ನಲ್ಲಿ, 1855ರಲ್ಲಿ ಡೇನಿಷ್‌ನಲ್ಲಿ ಆತ್ಮಕಥೆ ಬರೆದು, ತನ್ನ ಬದುಕೇ ಒಂದು ಸುಂದರ ಕಿನ್ನರ ಕತೆ ಅಂದುಬಿಟ್ಟ. ದೇವರು ನಡೆಸಿದ, ಸಜ್ಜನರು ಕೈಹಿಡಿದರು, ಎಲ್ಲ ಒಳ್ಳೆಯದೇ ಆಯಿತು. ಅಮ್ಮ ಮದುವೆಗೆ ಮುಂಚೆ ಹೆತ್ತ ಅಕ್ಕ ಕರೆನ್ ಮೇರಿಗೆ ಆ ಸುಂದರ ಕತೆಯಲ್ಲಿ ಜಾಗವೇ ಇಲ್ಲ. ಅವಳು 1842ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವನನ್ನು ಹುಡುಕಿಕೊಂಡು ಬಂದಿದ್ದಳು, ಒಂದಿಷ್ಟು ದುಡ್ಡನ್ನೂ ಕೊಟ್ಟು ಕಳಿಸಿದ್ದ. ಆತ್ಮಕಥೆ ಅನ್ನೋ ಹಣೆಪಟ್ಟಿ ಇರೋ ಪುಸ್ತಕದಲ್ಲಿ ಸಭೆಯವರಿಗೆ ಬೇಕಾದ್ದನ್ನು ಹಾಡಿದ. ಸುಳ್ಳು ಅಂತ ಮೊದಲೇ ಹೇಳಿ ಬರೆದ ಕಾದಂಬರಿಯಲ್ಲಿ ನಿಜ ಹೇಳಿದ. ಅದಕ್ಕೇ ನಾನು ಅನ್ನೋದು, ಆಂಡರ್ಸನ್‌ನ ಬಾಲ್ಯ ತಿಳಿಯಲು ಆತ್ಮಕಥೆ ಇಟ್ಟುಕೊಂಡು ಕಾದಂಬರಿ ಓದಬೇಡಿ. ಕಾದಂಬರಿ ಇಟ್ಟುಕೊಂಡು ಆತ್ಮಕಥೆಯನ್ನು ಓದಿ. ಎಲ್ಲೆಲ್ಲಿ ಬಾಯಿ ಮುಚ್ಚಿಕೊಂಡಿದ್ದಾನೆ ಅಂತ ಆಗ ಕಾಣುತ್ತೆ.

ಇದೇನು ಮಹಾಕೃತಿ ಅಂತ ವಾದಿಸ್ತಾ ಇಲ್ಲ. ಇಟಲಿಯ ವರ್ಣನೆ ಅಲ್ಲಲ್ಲಿ ಪ್ರವಾಸಿ ಕೈಪಿಡಿಯ ಹಾಗಿದೆ. ಕಾಕತಾಳೀಯಗಳು ನಮ್ಮ ಹಳೇ ಸಿನಿಮಾಗಳನ್ನೂ ಮೀರಿಸುತ್ತವೆ. ಕುರುಡಿ ಭಿಕ್ಷುಕ ಹುಡುಗಿ ಕಣ್ಣು ಬಂದು, ಹೆಸರು ಬದಲಾಗಿ, ಕೊನೆಗೆ ನಾಯಕನ ಹೆಂಡತಿಯಾಗುವುದು ನನಗಂತೂ ಜೀರ್ಣವಾಗಲಿಲ್ಲ. ಆದರೆ ಅದಕ್ಕೂ ಒಂದು ಜೊತೆ ಇದೆ. ಹಿಂದೆ ನಾಯಕ ಪ್ರೀತಿಸಿದ್ದ ಗಾಯಕಿ ಅನುಂಜಿಯಾತಾ, ಒಂದು ಕಾಲಕ್ಕೆ ರೋಮ್ ಇಡೀ ಕುಣಿಸಿದವಳು, ದನಿ ಕಳೆದುಕೊಂಡು ವೆನಿಸ್‌ನ ಯಾವುದೋ ಮೂರನೇ ದರ್ಜೆಯ ನಾಟಕಶಾಲೆಯಲ್ಲಿ ಹಾಡಿ, ಬಡತನದಲ್ಲಿ ಸಾಯುತ್ತಾಳೆ. ದನಿ ಒಡೆದು ನಾಟಕಶಾಲೆಯಿಂದ ಆಚೆ ಬಿದ್ದ ಹುಡುಗ ಆಂಡರ್ಸನ್. ಹಾಗಾದರೆ ಅವನು ಯಾರು, ಗೆದ್ದ ಆಂಟೋನಿಯೋನೋ, ಸತ್ತ ಅನುಂಜಿಯಾತಾಳೋ? ಗೆರೆ ಎಳೆಯಿರಿ ನೋಡೋಣ.

ಎಳೆಯೋಕೆ ಆಗೋದಿಲ್ಲ. ಕಾದಂಬರಿಕಾರ ತನ್ನನ್ನು ಹತ್ತು ಜನರಿಗೆ ಹಂಚಿಬಿಟ್ಟಿದ್ದಾನೆ. ತನಗೆ ಆಗಬಹುದಾಗಿದ್ದನ್ನು, ಆಗದೇ ಹೋದದ್ದನ್ನು, ಬೇರೆಯವರಿಗೆ ಆದದ್ದನ್ನು ಎಲ್ಲ ಸೇರಿಸಿದ್ದಾನೆ. ಇದಕ್ಕೆ ಕಲ್ಪನೆ ಅನ್ನುತ್ತಾರೆ. ಒಗೆಯುವವಳ ಮಗನಿಗೂ ಅದು ಇರುತ್ತೆ.

ಇಷ್ಟು ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಕಷ್ಟದ ಮನೆಯಿಂದ ಬಂದ ಯಾರದಾದರೂ ಮೊದಲ ಕಾದಂಬರಿ ಕೈಗೆ ಬಂದರೆ, ಇದರಲ್ಲಿ ಎಷ್ಟು ನಿಜ ಅಂತ ಕೇಳುವ ಮೊದಲು, ಏನನ್ನು ಬದಲಾಯಿಸಿದ್ದಾರೆ, ಯಾಕೆ ಬದಲಾಯಿಸಿದ್ದಾರೆ ಅಂತ ಕೇಳಿ. 'ಪಾಪ' ಅನ್ನೋ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಆ ಮಾತಿನ ಜೊತೆ ನಾವು ಅವರಿಗೆ ಒಂದು ಹಣದ ಚೀಲ ಎಸೆದು, ಸಾರೋಟು ಹೊಡೆದುಕೊಂಡು ಮುಂದೆ ಹೋಗಿರುತ್ತೇವೆ.